ಅಬ್ದೋನರ ಹೆಸರಿನ ಮುಂದೆ ರೈಟು

ಲಿಂಕಾಯ್ ದ್ವೀಪದಲ್ಲಿ ಇರುವುದು ಅರವತ್ತೊಂದು ಮನೆ. ಆ ಅರವತ್ತೊಂದು ಮನೆಯ ನಾಯಿಗಳ ಹೆಸರೂ ಓರ್ಫೆಲಿನಾ ಚಿಗುವಾಯ್‌ಗೆ ಬಾಯಿಪಾಠ. ಏಳು ಅಧ್ಯಕ್ಷೀಯ ಚುನಾವಣೆಗಳಲ್ಲಿ ಪಕ್ಷದ ಪಟ್ಟಿ ಕಂಕುಳಲ್ಲಿಟ್ಟುಕೊಂಡು ಮನೆ ಮನೆ ತಿರುಗಿದ ಹೆಂಗಸು. ಅವಳಿಗೊಂದು ಪದ್ಧತಿ ಇತ್ತು. ಬೇಲಿಯಾಚೆ ನಿಂತು ಕೂಗಬೇಕು. ಒಳಗಿನಿಂದ "ಅಡುಗೆಮನೆಗೆ ಬನ್ನಿ" ಅಂದಮೇಲೆ ಹೋಗಬೇಕು. ಒಲೆಯ ಪಕ್ಕ ಕೂತು ಯೆರ್ಬಾ ಎಲೆಯ ಕಷಾಯ ಹೀರಬೇಕು. ಆಲೂಗಡ್ಡೆಗೆ ಬಂದ ರೋಗ, ಮೊಮ್ಮಗುವಿಗೆ ಬಂದ ಹಲ್ಲು ಎಲ್ಲ ಮಾತಾಡಿ ಮುಗಿದ ಮೇಲೆ, ಎದ್ದು ಹೊರಡುವಾಗ ಕೇಳಬೇಕು, ಈ ಸಲ ಯಾರಿಗೆ ಅಂತ. ಮನೆಯವರಿಗೂ ಒಂದು ಕಟ್ಟಳೆ. ಬರುತ್ತೇನೆ ಅಂದವರು ಬರುವ ತನಕ ಒಲೆಯ ಮೇಲಿನ ಕೆಟಲ್ ಇಳಿಸುವಂತಿಲ್ಲ.

ಈ ಸಲ ಇಬ್ಬರೇ ಅಭ್ಯರ್ಥಿಗಳು ಉಳಿದಿದ್ದ ಎರಡನೇ ಸುತ್ತಿಗೆ ಪಕ್ಷದವರು ಕಾಸ್ತ್ರೋ ಪಟ್ಟಣದಿಂದ ಮಕರೇನಾ ಎಂಬ ಹುಡುಗಿಯನ್ನು ಕಳಿಸಿದ್ದರು. ಕೈಯಲ್ಲಿ ಎರಡು ಫೋನು, ಕಾಲಲ್ಲಿ ಬಿಳೀ ಬೂಟು. ದೋಣಿಯಿಂದ ಇಳಿದ ಹತ್ತು ಹೆಜ್ಜೆಗೇ ಆ ಬೂಟು ಕೆಸರಿನ ಪಾಲಾಯಿತು.

"ದೊಡ್ಡಮ್ಮ, ನೀವು ಮೊಣಕಾಲು ಸವೆಸಿಕೊಂಡಿದ್ದು ಸಾಕು. ಈಗ ಬಾಗಿಲು ತಟ್ಟಿ ಯಾರೂ ಗೆಲ್ಲಲ್ಲ. ಇಲ್ಲಿ ಒಂದು ಸಲ ಒತ್ತಿದ್ರೆ ಅಷ್ಟೂ ಮನೆಗೆ ಮೆಸೇಜ್ ಹೋಗುತ್ತೆ."

"ಹೋಗುತ್ತೆ ಕಣಮ್ಮ. ಹೋಗಿ ಎಲ್ಲಿ ಕೂತ್ಕೊಳ್ಳುತ್ತೆ? ಒಲೆ ಪಕ್ಕ ಕೂತು ಎರಡು ಮಾತಾಡುತ್ತಾ?"

ಮಕರೇನಾ ನಕ್ಕು ಒತ್ತಿದಳು. ಗೆದ್ದರೆ ದ್ವೀಪಗಳಿಗೆ ಆಂಬುಲೆನ್ಸ್ ದೋಣಿ ಬರುತ್ತದೆ, ನಿಮ್ಮ ಮತ ನಮಗೇ ತಾನೇ ಎಂಬ ಸಂದೇಶ. ಸಂಜೆಯವರೆಗೂ ಯಾರೂ ಉತ್ತರಿಸಲಿಲ್ಲ. ಒಬ್ಬ ಮಾತ್ರ ಕುಣಿಯುವ ಹಂದಿಯ ಚಿತ್ರ ಕಳಿಸಿದ. ಓರ್ಫೆಲಿನಾಗೆ ಒಳಗೊಳಗೇ ಖುಷಿಯಾಗದೆ ಇರಲಿಲ್ಲ. ಅಷ್ಟರಲ್ಲಿ ಫೋನು ಟಿಣ್ ಎಂದಿತು.

"ನೋಡಿ, ಒಬ್ರು ಕರೀತಿದಾರೆ," ಎಂದು ಮಕರೇನಾ ಓದಿದಳು. "'ನೀರು ಕಾದಿದೆ. ಮನೆಗೆ ಬಂದು ಕೇಳಿ.' ಯಾರಿದು, ಅಬ್ದೋನ್ ಲೆವಿಕಾಯ್?"

ಓರ್ಫೆಲಿನಾ ಎದ್ದು ಬಂದು ಫೋನಿನ ಪರದೆ ನೋಡಿದಳು.

"ಅವರು ತೀರಿಹೋಗಿ ಎಂಟು ವರ್ಷ ಆಯ್ತು," ಎಂದಳು.

"ಹಾಗಾದ್ರೆ ನಂಬರ್ ಬೇರೆಯವರಿಗೆ ಹೋಗಿರ್ಬೇಕು. ಯಾರೋ ತಮಾಷೆ ಮಾಡ್ತಿದಾರೆ ಬಿಡಿ. ಹಳೇ ಪಟ್ಟಿಯಿಂದಲೇ ತಗೊಂಡಿದ್ದು. ನೀವೇ ಬರೆದಿದೀರಲ್ಲ, 'ಭೇಟಿಯಾದೆ, ನಮ್ಮ ಕಡೆ' ಅಂತ. ಪಕ್ಕದಲ್ಲಿ ರೈಟು ಕೂಡ ಹಾಕಿದೀರಿ."

ಹೌದು, ಬರೆದಿದ್ದವಳು ಅವಳೇ. ಆದರೆ ಅಬ್ದೋನರಿಗೆ ಜನ್ಮದಲ್ಲಿ ಫೋನೇ ಇರಲಿಲ್ಲ. ಕಾಲಂ ಖಾಲಿ ಬಿಡಬಾರದೆಂದು ಆ ನಂಬರನ್ನು ಓರ್ಫೆಲಿನಾ ತಲೆಯಿಂದ ಹುಟ್ಟಿಸಿದ್ದಳು. ರೈಟನ್ನೂ ಹಾಗೆಯೇ ಹುಟ್ಟಿಸಿದ್ದಳು.

ಎಂಟು ವರ್ಷದ ಹಿಂದಿನ ಆ ಗುರುವಾರ ಜೋರು ಮಳೆ. ಅಬ್ದೋನರ ಮನೆ ದ್ವೀಪದ ತುದಿಯ ದಿಬ್ಬದ ಮೇಲೆ, ಕಡಲು ಇಳಿದಾಗ ಮಾತ್ರ ದಾಟಬಹುದಾದ ಮರಳಿನಾಚೆ. ಅವಳು ಬರುತ್ತೇನೆಂದು ಮೊದಲೇ ಹೇಳಿ ಕಳಿಸಿದ್ದಳು. ಆದರೆ ಅರವತ್ತು ಮನೆ ಮುಗಿಸಿ ಸುಸ್ತಾಗಿ, ಮುದುಕ ಇನ್ಯಾರಿಗೆ ಹಾಕುತ್ತಾನೆ ಎಂದುಕೊಂಡು, ಸ್ವಂತ ಅಡುಗೆಮನೆಯಲ್ಲಿ ಕೂತು ರೈಟು ಎಳೆದಿದ್ದಳು. ಮರುದಿನ ದಡದಲ್ಲಿ ಅಬ್ದೋನರ ಅಣ್ಣನ ಮಗ ಸೆಗುಂದೊ ಸಿಕ್ಕಿದ. ಹೆಗಲ ಮೇಲೆ ಆಲೂಗಡ್ಡೆ ಮೂಟೆ. "ಚಿಕ್ಕಪ್ಪನ್ನ ನೋಡಿದ್ಯಾ ಅಕ್ಕಾ? ಇಲ್ಲದಿದ್ರೆ ನಾನೇ ಒಂದು ಸಲ ಹತ್ತಿ ಬರ್ತೀನಿ," ಎಂದ. ಪಟ್ಟಿ ಕೈಯಲ್ಲೇ ಇತ್ತು. "ನೋಡ್ದೆ ಕಣೋ, ಗಟ್ಟಿಮುಟ್ಟಾಗಿದಾರೆ," ಎಂದುಬಿಟ್ಟಳು. ಸೆಗುಂದೊ ಮೂಟೆಯನ್ನು ಅಲ್ಲೇ ಇಳಿಸಿ ಮೀನಿಗೆ ಹೋದ.

ಹನ್ನೊಂದು ದಿನದ ನಂತರ ಅಬ್ದೋನರು ಒಲೆಯ ಪಕ್ಕ ಸಿಕ್ಕರು. ಸೊಂಟ ಮುರಿದಿತ್ತು. ಬಿದ್ದಮೇಲೂ ಮೂರು ನಾಲ್ಕು ದಿನ ಜೀವ ಇದ್ದಿರಬೇಕು ಎಂದರು ಡಾಕ್ಟರು. ಒಲೆಯ ಮೇಲೆ ಕೆಟಲ್ ನೀರು ಬತ್ತಿ, ತಳ ಸುಟ್ಟು ಕರಕಲಾಗಿತ್ತು. ಗುರುವಾರ ಚೆನ್ನಾಗಿದ್ದರಂತಲ್ಲ, ನಾನು ಕಡಲಿಗೆ ಹೋದಮೇಲೆ ಬಿದ್ದಿರಬೇಕು ಎಂದು ಸೆಗುಂದೊ ಸಮಾಧಾನ ಮಾಡಿಕೊಂಡ. ಗೋಡೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಹಾಳೆ ಹರಿಯುವ ಮುದುಕ ಬುಧವಾರಕ್ಕೇ ನಿಲ್ಲಿಸಿದ್ದನ್ನು ಕಂಡವಳು ಓರ್ಫೆಲಿನಾ ಒಬ್ಬಳೇ. ಅವಳು ಬಾಯಿ ಬಿಡಲಿಲ್ಲ. ಹೆದರಿಕೆ, ಇನ್ನೇನಲ್ಲ. ಬಾಗಿಲು ತಟ್ಟುವವಳ ಮಾತನ್ನೇ ಊರು ನಂಬದೆ ಹೋದರೆ ಅವಳಿಗೆ ಉಳಿಯುವುದಾದರೂ ಏನು?

ಮರುದಿನ ಮಧ್ಯಾಹ್ನ ಕಡಲು ಇಳಿದಾಗ ಅವಳು ಮರಳು ದಾಟಿದಳು. ಮಂಜು ಎಷ್ಟಿತ್ತೆಂದರೆ ತನ್ನ ಕಾಲು ತನಗೇ ಕಾಣುತ್ತಿರಲಿಲ್ಲ. ಬೇಲಿ ಬಿದ್ದುಹೋಗಿತ್ತು. ಆದರೂ ಅದು ಇದ್ದ ಜಾಗದಲ್ಲೇ ನಿಂತು ಕೂಗಿದಳು.

"ಅಬ್ದೋನಣ್ಣಾ, ಓರ್ಫೆಲಿನಾ ಬಂದಿದೀನಿ."

ಒಳಗಿನಿಂದ ಯಾರೂ ಮಾತಾಡಲಿಲ್ಲ. ಹೊಗೆ ಕೊಳವೆಯಲ್ಲಿ ಹಕ್ಕಿ ಗೂಡು ಕಟ್ಟಿತ್ತು. ಹಿಂದಿರುಗೋಣ ಎನ್ನುವಷ್ಟರಲ್ಲಿ ಒದ್ದೆಯಿಂದ ಊದಿಕೊಂಡಿದ್ದ ಬಾಗಿಲು ನೆಲ ಕೆರೆಯುತ್ತ ಒಂದು ಗೇಣು ತೆರೆಯಿತು.

ಒಳಗೆ ಎಂಟು ವರ್ಷದ ಧೂಳು. ಧೂಳಿನ ಮೇಲೆ ಒಂದು ಹೆಜ್ಜೆಯೂ ಇರಲಿಲ್ಲ. ಒಲೆಯಲ್ಲಿ ಬೂದಿ ಗಟ್ಟಿಯಾಗಿತ್ತು. ಅದರ ಮೇಲೆ ತಳ ಸುಟ್ಟ ಕೆಟಲ್ ಇತ್ತು. ಅದನ್ನು ಸೆಗುಂದೊ ಮಣ್ಣು ಮಾಡಿದ ದಿನ ಕಡಲಿಗೆ ಎಸೆದಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಬೆರಳು ತಾಗಿಸಿದಳು. ಸುಟ್ಟಿತು.

ಒಲೆಯ ಪಕ್ಕದ ಬೆಂಚಿನ ಮೇಲೆ ಕೂತಳು. "ತಪ್ಪಾಯ್ತು ಅಣ್ಣಾ," ಎಂದಳು. "ಮಳೆ ಅಂತ ಬರಲಿಲ್ಲ. ಸೋಮಾರಿತನ." ಎಂಟು ವರ್ಷದ್ದೆಲ್ಲ ಸೇರಿ ಅತ್ತಳು. ಕೆಟಲಿನ ಮೂತಿಯಿಂದ ಸಣ್ಣಗೆ ಹಬೆ ಎದ್ದಾಗ ಮಾತ್ರ ಅಲ್ಲಿ ನಿಲ್ಲಲಾಗಲಿಲ್ಲ. ಶಾಲಿನಿಂದ ಮುಖ ಒರೆಸಿಕೊಳ್ಳುತ್ತ ಓಡಿದಳು.

ದಡದಲ್ಲಿ ಮಕರೇನಾ ಫೋನು ಹಿಡಿದು ನಿಂತಿದ್ದಳು. ಮುಖದಲ್ಲಿ ನಗು ಇರಲಿಲ್ಲ.

"ದೊಡ್ಡಮ್ಮ, ನೀವು ಎಲ್ಲಿಗೆ ಹೋಗಿದ್ರಿ? ಆ ನಂಬರಿಂದ ಮತ್ತೆ ಬಂತು. 'ಕೂತಳು. ಆದರೆ ಕೇಳಲಿಲ್ಲ.' ಏನು ಹಾಗಂದ್ರೆ?"

ಈ ಸಲ ಯಾರಿಗೆ ಎಂದು ಕೇಳದೆಯೇ ಎದ್ದುಬಂದಿದ್ದು ಓರ್ಫೆಲಿನಾಗೆ ಆಗ ಹೊಳೆಯಿತು. ಇನ್ನೊಮ್ಮೆ ಆ ಮರಳು ದಾಟುವ ಧೈರ್ಯ ಅವಳಿಗಿರಲಿಲ್ಲ. ಅದರ ಬದಲು ಉಳಿದ ಅರವತ್ತು ಮನೆ ಹತ್ತಿಳಿದಳು. ಮೂರನೇ ದಿನದಿಂದ ಮಕರೇನಾಳೂ ಅವಳ ಹಿಂದೆ ಬಂದಳು. ಫೋನನ್ನು ಚೀಲದ ತಳದಲ್ಲಿ ಇಟ್ಟಿದ್ದಳು. ಒಂದೊಂದೇ ಮನೆ ಒಲಿಯಿತು. ಹಂದಿಯ ಚಿತ್ರ ಕಳಿಸಿದವನೂ ಒಲಿದ. ಈ ಸಲ ದ್ವೀಪ ನಮ್ಮದೇ ಎಂದು ಮಕರೇನಾ ಬೆರಳು ಮಡಚಿ ಲೆಕ್ಕ ಹೇಳಿದಳು.

ಮತದಾನ ಮುಗಿದದ್ದು ಸಂಜೆ ಆರಕ್ಕೆ, ಇನ್ನೂ ಒಳ್ಳೇ ಬಿಸಿಲಿರುವಾಗ. ಎಣಿಕೆ ಶಾಲೆಯಲ್ಲಿ, ಎಲ್ಲರ ಎದುರಿಗೆ, ಒಂದೊಂದು ಚೀಟಿಯನ್ನೂ ಎತ್ತಿ ತೋರಿಸಿ ಗಟ್ಟಿಯಾಗಿ ಓದಿ. ಮತಗಟ್ಟೆಯ ಮುಖ್ಯಸ್ಥರು ನೆಲ್ಸನ್ ಮೇಷ್ಟ್ರು. ಕಪ್ಪುಹಲಗೆಯ ಮೇಲೆ ಗೆರೆ ಹಾಕುವವರೂ ಅವರೇ. ಓರ್ಫೆಲಿನಾ ಪಕ್ಷದ ಪರವಾಗಿ ಮೊದಲ ಬೆಂಚಿನಲ್ಲಿ ಕೂತಿದ್ದಳು. ಸೆಗುಂದೊ ಕಿಟಕಿಯ ಹತ್ತಿರ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ.

ಪುಸ್ತಕದಲ್ಲಿ ನೂರ ನಲವತ್ತೆಂಟು ಸಹಿ. ಪೆಟ್ಟಿಗೆಯಲ್ಲಿ ನೂರ ನಲವತ್ತೊಂಬತ್ತು ಚೀಟಿ. ಮೇಷ್ಟ್ರು ಮೂರು ಸಲ ಎಣಿಸಿದರು, ಹುಬ್ಬು ಗಂಟಿಕ್ಕಿ ಅದನ್ನು ಬರೆದುಕೊಂಡು ಓದಲು ಶುರುಮಾಡಿದರು. ಹಲಗೆಯ ಎರಡೂ ಕಡೆ ಗೆರೆಗಳು ಹೆಗಲಿಗೆ ಹೆಗಲು ಕೊಟ್ಟು ಬೆಳೆದವು. ಇತ್ತ ಎಪ್ಪತ್ತನಾಲ್ಕು, ಅತ್ತ ಎಪ್ಪತ್ತನಾಲ್ಕು. ಕೊನೆಯ ಚೀಟಿ ಬಿಚ್ಚಿದ ಮೇಷ್ಟ್ರು ಬೆರಳು ನೋಡಿಕೊಂಡರು. ಬೆರಳು ಕಪ್ಪಾಗಿತ್ತು.

"ಇದು ಪೆನ್ನಲ್ಲ, ಇದ್ದಿಲು," ಎಂದರು. ಚೀಟಿ ಎತ್ತಿ ತೋರಿಸಿದರು. ಇದ್ದಿಲಿನ ನಡುಗುವ ಗೆರೆ ಎದುರಾಳಿಯ ಹೆಸರಿನ ಮುಂದಿತ್ತು. ಶಾಲೆಯ ತುಂಬ ಕಟ್ಟಿಗೆಯ ಹೊಗೆಯ ವಾಸನೆ ಹರಡಿತು. "ಸಹಿ ಇಲ್ಲದ ಮತ ಯಾವುದೂಂತ ಹೇಳಕ್ಕಾಗಲ್ಲ. ಆದ್ರೆ ಗುರುತು ಸರಿಯಿಲ್ಲ ಅಂತ ನೀವು ತಕರಾರು ಬರೆಸಿದ್ರೆ ಇದನ್ನ ಬದಿಗಿಡ್ತೀನಿ. ಏನಂತೀರಿ ಓರ್ಫೆಲಿನಮ್ಮ?"

"ಬರೆಸಿ ದೊಡ್ಡಮ್ಮ," ಎಂದು ಮಕರೇನಾ ಪಿಸುಗುಟ್ಟಿದಳು. "ಒಂದೇ ಮತ. ಅದು ಆ ಕಡೆ ಹೋದ್ರೆ ದ್ವೀಪ ಹೋಯ್ತು."

ಓರ್ಫೆಲಿನಾ ಆ ಗೆರೆಯನ್ನೇ ನೋಡುತ್ತ ಕೂತಳು. ಅದೆಷ್ಟೋ ಚುನಾವಣೆ ಆ ಮನುಷ್ಯನ ಕಷಾಯ ಕುಡಿದು, ಕೊನೆಗೊಮ್ಮೆ ಕೇಳದೆ ಬರೆದಿದ್ದಳು, ನಮ್ಮ ಕಡೆ ಅಂತ. ಈಗ ಉತ್ತರ ತಾನಾಗಿಯೇ ಕೆಳಗಿಳಿದು ಬಂದಿತ್ತು.

"ತಕರಾರಿಲ್ಲ," ಎಂದು ಎದ್ದು ನಿಂತಳು. "ಅದು ಅಬ್ದೋನಣ್ಣನ ಮತ. ಅವತ್ತು ಗುರುವಾರ ನಾನು ಅವರ ಮನೆಗೆ ಹೋಗಿರಲಿಲ್ಲ. ನೋಡಿದೆ ಅಂತ ಸೆಗುಂದೊಗೆ ಸುಳ್ಳು ಹೇಳಿದೆ. ಕ್ಯಾಲೆಂಡರ್ ಬುಧವಾರಕ್ಕೇ ನಿಂತಿತ್ತು."

ಸೆಗುಂದೊ ಬೆರಳು ಮಡಚುತ್ತ ಏನನ್ನೋ ಎಣಿಸಿದ. ಬುಧವಾರ, ಗುರುವಾರ, ಶುಕ್ರವಾರ. ಮೂರನೇ ಬೆರಳಿನಲ್ಲಿ ನಿಲ್ಲಿಸಿದ.

"ಶುಕ್ರವಾರ ನಾನು ಮೂಟೆ ಹೊತ್ತು ನಿಂತಿದ್ದೆ," ಎಂದ. "ಅವಾಗ ಜೀವ ಇತ್ತು."

"ಇತ್ತು ಕಣಪ್ಪಾ."

ಅವನು ಟೋಪಿ ಹಾಕಿಕೊಂಡು ಹೊರಗೆ ಹೋದ. ಮೇಷ್ಟ್ರು ಸೀಮೆಸುಣ್ಣ ತೆಗೆದುಕೊಂಡು ಆ ಕಡೆ ಇನ್ನೊಂದು ಗೆರೆ ಎಳೆದರು. ಕಿಟಕಿಯಿಂದ ಓರ್ಫೆಲಿನಾಗೆ ಕಾಣುತ್ತಿತ್ತು, ಸೆಗುಂದೊ ಕಡಲು ಇಳಿದಿದ್ದ ಮರಳು ದಾಟಿ ದಿಬ್ಬದ ಕಡೆ ನಡೆಯುತ್ತಿದ್ದ. ದಿಬ್ಬದ ಮೇಲಿನ ಮನೆಯಿಂದ ಹೊಗೆ ಏಳುತ್ತಿತ್ತು.