ಹೊಸ್ತಿಲು ದಾಟಿದ ಪಟ್ಟಿ

ಕೈ ಎರಡು, ಕೆಲಸ ನೂರು. ಬೈಲಹೊಂಗಲದ ಜ್ಯೋತ್ಸ್ನಾ ಎಡವಿದ್ದು ಇಲ್ಲೇ.

ಅವಳ ಅತ್ತೆ ಭಾಗೀರಥಿಬಾಯಿ ಕಟ್ಟುವ ಅಂಟಿನ ಉಂಡೆಗೆ ಸುತ್ತಲಿನ ಊರುಗಳಲ್ಲಿ ಹೆಸರಿತ್ತು. ಬಾಣಂತಿಯ ಸೊಂಟ ಗಟ್ಟಿಯಾಗಬೇಕೆಂದರೆ ಇವರ ಮನೆಯ ಉಂಡೆಯೇ ಆಗಬೇಕು. ಮುದುಕಿ ಸುಮ್ಮನೆ ಕಟ್ಟಿ ಕೊಡುವವಳಲ್ಲ. ಎಷ್ಟನೆಯ ಬಾಣಂತನ, ಹೆರಿಗೆ ಯಾವಾಗ, ಸಹಜವೋ ಆಪರೇಷನ್ನೋ, ಎಲ್ಲ ಕೇಳಿ, ಅದಕ್ಕೆ ತಕ್ಕಂತೆ ಅಂಟು, ಉತ್ತತ್ತಿ, ಒಣಶುಂಠಿ ಹಾಕುವವಳು. ಕೇಳಿದ್ದನ್ನು ಮಾತ್ರ ಕೈ ತೊಳೆದ ನೀರಿನೊಂದಿಗೆ ಬಚ್ಚಲಿಗೆ ಬಿಡುತ್ತಿದ್ದಳು. ಒಬ್ಬರ ಮನೆಯ ಬಸುರು-ಬಾಣಂತನದ ಮಾತನ್ನು ಇನ್ನೊಬ್ಬರ ಮುಂದೆ ಆಡಿದವಳಲ್ಲ.

ಸೊಸೆ ಜಾಣೆ. ಉಂಡೆಯನ್ನು ಆನ್‌ಲೈನಿನಲ್ಲಿ ಮಾರಲು ಶುರು ಮಾಡಿದಳು. ಅತ್ತೆ ಕೇಳುತ್ತಿದ್ದ ಪ್ರಶ್ನೆಗಳನ್ನೆಲ್ಲ ಒಂದು ಫಾರ್ಮಿಗೆ ಹಾಕಿದಳು. ಗಿರಾಕಿಗಳು ಫೋನಿನಲ್ಲೇ ತುಂಬಿ ಕಳಿಸುತ್ತಿದ್ದರು. ವರ್ಷ ತುಂಬುವುದರೊಳಗೆ ಅಡುಗೆಮನೆ ಸಾಲದಾಯಿತು. ಆಗ ರಾಮದುರ್ಗದ ದುಂಡಪ್ಪನಿಗೆ ಕೆಲಸ ಒಪ್ಪಿಸಿದಳು. ಅತ್ತೆ ಹೇಳಿದ ಅಳತೆಯಂತೆ ಅವನು ಉಂಡೆ ಕಟ್ಟಿಸುವುದು, ಜ್ಯೋತ್ಸ್ನಾಳ ಹೆಸರಿನ ಚೀಟಿ ಅಂಟಿಸಿ ನೇರವಾಗಿ ಗಿರಾಕಿಯ ಮನೆಗೆ ಕಳಿಸುವುದು. ಪ್ರತಿ ಸೋಮವಾರ ಇಡೀ ಪಟ್ಟಿ ಅವನ ಫೋನಿಗೆ ಹೋಗುತ್ತಿತ್ತು.

ಅದನ್ನು ನೋಡಿದ್ದು ನಾದಿನಿ ಗೌತಮಿ. ಊರಿನ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವವಳು.

"ವೈನಿ, ಇಡೀ ಪಟ್ಟಿ ಯಾಕ ಕಳಸ್ತೀರಿ? ಹೆರಿಗಿ ತಾರೀಖು ತಗೊಂಡು ದುಂಡಪ್ಪ ಏನ್ ಮಾಡ್ತಾನ?"

"ಅದರ ಮ್ಯಾಲೇ ಉಂಡಿ ಅಳತಿ ಅಲ್ಲೇನ?"

"ನಿಮ್ಮವು ಇರೋದು ಮೂರು ಬಗಿ ಡಬ್ಬಿ. ಯಾರಿಗೆ ಯಾವ ಡಬ್ಬಿ ಅಂತ ನೀವು ನೋಡಿ, ಒಂದು, ಎರಡು, ಮೂರು ಅಂತ ಬರೀರಿ. ಅದು, ಮತ್ತ ಪಾರ್ಸಲ್ ಮುಟ್ಟಸಲಿಕ್ಕೆ ಬೇಕಾದ ವಿಳಾಸ, ನಂಬರು. ಅವಂಗ ಅಷ್ಟ ಸಾಕು."

"ಕಾಲಂ ಅಳಸ್ಕೋತ ಕೂಡಲಿಕ್ಕೆ ನನಗ ವ್ಯಾಳ್ಯಾ ಎಲ್ಲದ? ಹೆಸರು, ನಂಬರು, ತಾರೀಖು. ಬಂಗಾರದ ಪಾಟ್ಲಿ ಏನಲ್ಲಲ್ಲ ಕದ್ಕೊಂಡು ಹೋಗ್ಲಿಕ್ಕೆ! ದುಂಡಪ್ಪ ಅಂಥಾ ಮನಷ್ಯಾ ಅಲ್ಲ."

ದುಂಡಪ್ಪ ನಿಜಕ್ಕೂ ಅಂಥ ಮನುಷ್ಯನಲ್ಲ. ಕೆಟ್ಟವನೇ ಬೇಕೆಂದಿಲ್ಲ, ಕೆಡಿಸಲು ಅಸಡ್ಡೆ ಸಾಕು.

ಒಂದು ಮಧ್ಯಾಹ್ನ ಎಂ.ಕೆ. ಹುಬ್ಬಳ್ಳಿಯ ಕಡೆಯ ಹೆಂಗಸೊಬ್ಬಳು ಮನೆ ಹುಡುಕಿಕೊಂಡು ಬಂದಳು. ಹೆಸರು ಕೃಷ್ಣವ್ವ. ಕೈಯಲ್ಲಿ ಇದೇ ಮನೆಯ ಚೀಟಿ ಇದ್ದ ಉಂಡೆ ಡಬ್ಬಿ. ಅದರ ಅಂಟುಪಟ್ಟಿಯನ್ನು ಇನ್ನೂ ಬಿಚ್ಚಿರಲಿಲ್ಲ.

"ಬರ್ರಿ, ಕೂಡ್ರಿ," ಎಂದು ಜ್ಯೋತ್ಸ್ನಾ ನಕ್ಕಳು. "ಮಗಳಿಗೆ ತರಿಸಿದ್ರಿ ಅಲ್ಲ? ಕೂಸು ಹೆಂಗದ?"

"ಕೂಸು ಇಲ್ರಿ ಬಾಯಾರ. ಹೊಟ್ಟ್ಯಾಗ ಹೋತು. ಡಬ್ಬಿ ಬಂದ ದಿನಾನ."

ಜ್ಯೋತ್ಸ್ನಾಳ ನಗು ಮುಖದಲ್ಲೇ ಒಣಗಿತು. ಕೃಷ್ಣವ್ವ ಅಳಲಿಲ್ಲ. ಅಳು ಮುಗಿಸಿಕೊಂಡು ಬಂದವಳ ಹಾಗೆ ಮಾತಾಡಿದಳು.

"ನಮ್ಮ ಓಣ್ಯಾಗ ಸಣ್ಣ ಹುಡುಗ್ರು ಸೈತ ನನ್ನ ಮಗಳು ಮಾಯವ್ವನ ಮುಂದ ಆ ಮಾತ ಎತ್ತಂಗಿಲ್ರಿ. ಆದ್ರ ಆಕಿಗೆ ದಿನಾ ಫೋನ್ ಬರತೈತಿ. 'ಅಭಿನಂದನೆಗಳು ಮೇಡಂ, ನಿಮ್ಮ ಪಾಪುಗೆ ಮೂರು ತಿಂಗಳು ತುಂಬಿತು, ಡೈಪರ್ ಕಳಿಸೋಣವಾ?' ಅಂತಾರ. ಆ ನಂಬರ ಬಂದ್ ಮಾಡಿದ್ರ ಇನ್ನೊಂದು ನಂಬರ್‌ಲೇ ಬರತೈತಿ. ತೊಟ್ಲಾ, ಕುಲಾಯಿ, ಕಾಲಗಡಗಾ. ಎಲ್ಲಾ ಮಾರಾಕ ಬರ್ತಾರ."

"ನಮ್ಮ ಕಡಿಂದ ಹೋಗಿರಲಿಕ್ಕಿಲ್ರಿ. ದವಾಖಾನಿಂದ ಏನರೆ..."

"ದವಾಖಾನ್ಯಾಗ ಹೇಳಿದ್ದು ಇಪ್ಪತ್ತನೇ ತಾರೀಖು. ಉಂಡಿ ಮೊದಲ ಬಂದು ಮನ್ಯಾಗಿರಲಿ ಅಂತ ನಾನ ನಿಮ್ಮ ಫಾರ್ಮಿನ್ಯಾಗ ಹನ್ನೆರಡು ಅಂತ ಬರಸೇನ್ರಿ. ಇವ್ರೆಲ್ಲಾ ಎಣಿಸೂದು ಹನ್ನೆರಡರಿಂದ. ಆ ತಾರೀಖು ನಿಮ್ಮನ್ನ ಬಿಟ್ರ ಯಾರಿಗೂ ಹೇಳಿಲ್ಲ."

ಹೆಣ್ಣುಮಗಳನ್ನು ತವರಿಗೆ ಕರೆತಂದ ಪ್ರತಿ ತಾಯಿಯೂ ಮಾಡುವ ಉಪಾಯ ಅದು. ಅದೇ ಸಾಕ್ಷಿಯಾಗಿ ಎದುರು ನಿಂತಿತು. ಜ್ಯೋತ್ಸ್ನಾ ಅಲ್ಲೇ ನಿಂತು ದುಂಡಪ್ಪನಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದಳು.

"ಹೌದ್ರಿ ಅಕ್ಕಾರ, ಕೊಟ್ಟೇನಿ," ಎಂದ ದುಂಡಪ್ಪ, ಏನೂ ಮುಚ್ಚಿಡದೆ. "ನಮ್ಮ ಪೈಕಿ ಒಬ್ಬಾಂವ ಕೂಸಿನ ಸಾಮಾನ ಮಾರ್ತಾನ್ರಿ. ಪಟ್ಟಿ ಕೇಳಿದಾ. ಮಂದಿಗೂ ಉಪಯೋಗ ಆಗ್ಲಿ ಅಂತ ಕಳಿಸಿದ್ಯಾ. ಕೊಡಬ್ಯಾಡ ಅಂತ ನೀವೂ ಹೇಳಿದ್ದಿಲ್ಲಲ್ರಿ?"

"ವಾಪಸ್ ಇಸ್ಕೋರಿ ಅದನ್ನ!"

"ಫೋನಿನ್ಯಾಗ ಹೋದದ್ದು ವಾಪಸ್ ಹೆಂಗ ಇಸ್ಕೊಳ್ಳೂದ್ರಿ? ಅಂವ ಮತ್ಯಾರ್ಯಾರಿಗೆ ಕೊಟ್ಟಾನೋ."

ಒಳಗಿನಿಂದ ಭಾಗೀರಥಿಬಾಯಿ ಗೋಡೆ ಹಿಡಿದುಕೊಂಡು ಬಂದಳು. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

"ನಾ ಕೇಳತಿದ್ದೆ ಅಂತ ನೀನೂ ಕೇಳಿದಿ. ಕೇಳಿದ ಮ್ಯಾಲೆ ಬಾಯಿ ಮುಚ್ಚಿಕೊಳ್ಳೋದನ್ನ ಮಾತ್ರ ಕಲೀಲಿಲ್ಲ, ಜ್ಯೋತ್ಸ್ನಾ."

ಜ್ಯೋತ್ಸ್ನಾ ಕೃಷ್ಣವ್ವನ ಕೈ ಹಿಡಿದಳು. "ತಪ್ಪಾತ್ರಿ ನಂದು. ಕೈ ಮುಗೀತೀನಿ. ಮಗಳ ಫೋನಿಗೆ ಹೊಸಾ ನಂಬರು ನಾ ಕೊಡಸ್ತೀನಿ. ಹಳೇದು ಬಂದ್ ಮಾಡಸ್ರಿ."

ಕೃಷ್ಣವ್ವ ಕೈ ಬಿಡಿಸಿಕೊಂಡಳು.

"ನಾವೂ ಹೇಳೇವ್ರಿ. ಒಲ್ಲೆ ಅಂತಾಳ. ನಿನ್ನೆ ಫೋನ್ ಎತ್ತಿ, 'ಮೆಲ್ಲಕ ಮಾತಾಡ್ರಿ, ಕೂಸು ಮಲಗೈತಿ' ಅಂದ್ಳು. ಕಸಗೊಳ್ಳಾಕ ಹೋದ್ರ, 'ನೀವ್ಯಾರೂ ನನ್ನ ಕೂಸಿನ ಮಾತ ಎತ್ತಂಗಿಲ್ಲ. ಇವರ‍್ನಾರ ಬಿಡ್ರಿ, ಫೋನ್ ಮಾಡಿ ಕೂಸಿನ ಸುದ್ದಿ ಕೇಳ್ತಾರ' ಅಂದ್ಳು."

ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು ಕೃಷ್ಣವ್ವ ಬಸ್ಸಿಗೆ ಹೋದಳು. ಚಹಾ ಕೂಡ ಕುಡಿಯಲಿಲ್ಲ.

ಅಂದೇ ಸಂಜೆ ಜ್ಯೋತ್ಸ್ನಾ ಗೌತಮಿಯನ್ನು ಪಕ್ಕಕ್ಕೆ ಕೂರಿಸಿಕೊಂಡು ಫಾರ್ಮು ಬಿಚ್ಚಿದಳು. ಹೆರಿಗೆಯ ತಾರೀಖು, ಬಾಣಂತನದ ಉಳಿದ ಪ್ರಶ್ನೆಗಳು, ಎಲ್ಲ ಸಾಲು ತೆಗೆದಳು. ಗಿರಾಕಿ ಇನ್ನು ಡಬ್ಬಿಯ ಬಗೆ ಆರಿಸಿದರೆ ಸಾಕು. ಅನುಮಾನವಿದ್ದವರು ಅತ್ತೆಗೇ ಫೋನ್ ಮಾಡಿ ಕೇಳಬಹುದು. ದುಂಡಪ್ಪನನ್ನು ಕರೆಸಿ, ಪಟ್ಟಿಯನ್ನು ಯಾರಿಗೂ ಕೊಡುವುದಿಲ್ಲ, ಕೆಲಸ ಮುಗಿದ ಮೇಲೆ ಇಟ್ಟುಕೊಳ್ಳುವುದಿಲ್ಲ ಎಂದು ಬರೆಸಿ ಸಹಿ ಹಾಕಿಸಿಕೊಂಡಳು.

"ಸಹಿ ಆತು ಅಂತ ನೀವು ಪಾರಾಗಂಗಿಲ್ಲ ವೈನಿ," ಎಂದಳು ಗೌತಮಿ. "ಕೆಲಸ ಹೊರಗ ಕೊಟ್ರೂ ಹೊಣಿ ನಿಮ್ಮದ. ಕಾನೂನೂ ಹಂಗ ಹೇಳ್ತದ. ಗಿರಾಕಿ ನಂಬಿದ್ದು ನಿಮ್ಮನ್ನ, ದುಂಡಪ್ಪನ್ನಲ್ಲ."

"ಹೌದವಾ," ಎಂದಳು ಜ್ಯೋತ್ಸ್ನಾ. ಈ ಸಲ ಎದುರಾಡಲಿಲ್ಲ. ಪಟ್ಟಿಯಲ್ಲಿದ್ದ ಪ್ರತಿಯೊಬ್ಬರಿಗೂ ತಾನೇ ಫೋನ್ ಮಾಡಿ ಆದದ್ದನ್ನು ಹೇಳಿದಳು. ಕೆಲವರು ಬೈದರು, ಕೆಲವರು ಮಾತು ಮುಗಿಯುವ ಮೊದಲೇ ಇಟ್ಟರು. ಬೈಸಿಕೊಂಡಳು. ಕೊನೆಗೆ, ಮುಟ್ಟಿದ ಪಾರ್ಸಲ್ಲುಗಳ ವಿವರವನ್ನೆಲ್ಲ ಅಳಿಸಿದಳು.

ಮಹಿಳಾ ಸಂಘದ ಅಕ್ಕ-ತಂಗಿಯರೇ, ರೊಟ್ಟಿಯೋ ಚಟ್ನಿಪುಡಿಯೋ ಕೌದಿಯೋ, ನೀವು ಏನನ್ನೇ ಮಾರಿರಿ. ಗಿರಾಕಿಯಿಂದ ಬೇಕಾದಷ್ಟೇ ಕೇಳಿರಿ. ಸಾಮಾನು ಮಾಡುವವರಿಗೆ, ಮುಟ್ಟಿಸುವವರಿಗೆ ಅವರವರ ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಕೊಡಿರಿ. ಕೆಲಸ ಮುಗಿಯಿತೋ, ಅಳಿಸಿರಿ, ಅವರಿಂದಲೂ ಅಳಿಸಿರಿ. ಕೊಳ್ಳುವವರೇ, ಫಾರ್ಮು ತುಂಬುವ ಮೊದಲು ಒಂದು ಮಾತು ಕೇಳಿರಿ: "ಇದು ನಿಮ್ಮನ್ನು ಬಿಟ್ಟು ಇನ್ಯಾರ ಕೈಗೆ ಹೋಗುತ್ತದೆ?" ಉತ್ತರ ಸರಿ ಬರದಿದ್ದರೆ ಕೊಡಬೇಡಿರಿ. ನಾಚಿಕೆ ಬೇಡ, ಕೇಳುವುದು ನಿಮ್ಮ ಹಕ್ಕು.

ಜ್ಯೋತ್ಸ್ನಾ ಎಲ್ಲವನ್ನೂ ಸರಿ ಮಾಡಿದಳು. ಆದರೆ ಮುಂದಿನ ಹನ್ನೆರಡನೆಯ ತಾರೀಖಿಗೆ ಮಾಯವ್ವನ ಫೋನು ಮತ್ತೆ ರಿಂಗಾಯಿತು. ಪಾಪುಗೆ ನಾಲ್ಕು ತಿಂಗಳು ತುಂಬಿತಂತೆ.