ಎರಡು ನೀಲಿ

"ಇದೂ ಅದೂ ಒಂದೇ ಕಲರಾ? ಸುಮ್ನೆ ನೋಡಿ ಹೇಳು ಅಮ್ಮಣಿ."

ಲೋಗನಾಥನ್ ಎರಡು ತುಂಡು ಬನಿಯನ್ ಬಟ್ಟೆಯನ್ನು ಕಂಪ್ಯೂಟರ್ ನೋಡಿಕೊಳ್ಳುವ ಇಂದುಜಾಳ ಕೀಬೋರ್ಡಿನ ಮೇಲೆಯೇ ಹಾಸಿದರು. ಎರಡೂ ನೀಲಿ. ಎಡಗಡೆಯದು ಒಂದು ಕೂದಲೆಳೆಯಷ್ಟು ಗಾಢ.

"ಬೇರೆ ಬೇರೆ ಮಾಮಾ."

ಅವರು ಸ್ಟೂಲಿನ ಮೇಲೆ ಕುಳಿತರು. ತಿರುಪ್ಪೂರಿನ ಈ ಬಟ್ಟೆ ಡೈಯಿಂಗಿನಲ್ಲಿ ಅವರು ಮೂವತ್ತು ವರ್ಷದಿಂದ ಬಣ್ಣದ ಮಾಸ್ಟರ್; ಅವಳಂತೆ ಅವರದೂ ಮನೆಮಾತು ಕನ್ನಡ. ಜೂನಿನಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡಿದ್ದರು. ಬೆಳಿಗ್ಗೆ ಒಂದೇ ಆರ್ಡರಿನ ಬಟ್ಟೆ ಎರಡು ಮಿಷಿನ್ನಿನಿಂದ ಎರಡು ಬಣ್ಣವಾಗಿ ಬಂದಾಗ, ಡೈಯಿಂಗಿನ ಒಡೆಯ, ಮುದಲಾಳಿ ಭೂಪತಿ ಬೈಯಲಿಲ್ಲ. ಸ್ವಲ್ಪ ದಿನ ಮನೆಯಲ್ಲಿ ರೆಸ್ಟ್ ತಗೊಳ್ಳಿ ಎಂದಷ್ಟೇ ಹೇಳಿದರು. ಅದೇ ಮಾಸ್ಟರನ್ನು ಹೆಚ್ಚು ಹೆದರಿಸಿತ್ತು.

"ಸ್ಕ್ರೀನಲ್ಲಿ ಇದ್ದದ್ದನ್ನೇ ಹಾಕಿಸ್ದೆ. ಮೂರನೇ ಮಿಷಿನ್ನಿಗೆ ಎರಡು ಪಾಯಿಂಟ್ ನಾಲ್ಕು. ಇಲ್ಲಾ, ನಂಗೇ ಒಂದು ಅಂಕಿ ಇನ್ನೊಂದಾಗಿ ಕಂಡಿತ್ತೋ ಏನೋ."

ಇಂದುಜಾ ತನ್ನ ಕಂಪ್ಯೂಟರಿನಲ್ಲಿ ಆ ನೀಲಿಗೆ ಎಷ್ಟು ಬಣ್ಣ ಬೆರೆಸಬೇಕೆಂಬ ಲೆಕ್ಕ ತೆರೆದಳು. ಎರಡು ಪಾಯಿಂಟ್ ಒಂದು. ಇಬ್ಬರೂ ಕೆಳಗಿಳಿದು ಹೋದರು. ಮೂರನೇ ಮಿಷಿನ್ ಪಕ್ಕದ ಸ್ಕ್ರೀನು ಎರಡು ಪಾಯಿಂಟ್ ನಾಲ್ಕು ಎಂದಿತು; ಎಂಟನೆಯದರ ಪಕ್ಕದ್ದು ಎರಡು ಪಾಯಿಂಟ್ ಒಂದು ಎಂದಿತು. ಅವಳು ಎರಡು ಸಲ ನಡೆದು ನೋಡಿದಳು. ಎಲ್ಲ ಸ್ಕ್ರೀನುಗಳೂ ಹೋಗಿ ಕೇಳುವುದು ಒಂದೇ ವಿಳಾಸವನ್ನು. ಒಂದೇ ಬಾಗಿಲು ತಟ್ಟಿದರೆ ಎರಡು ಉತ್ತರ ಹೇಗೆ ಬರುತ್ತದೆ?

ಸರ್ವರ್ ರೂಮಿನಲ್ಲಿ ಉತ್ತರ ನೆಲದ ಮೇಲೆ ಬಿದ್ದಿತ್ತು. ಲೆಕ್ಕಗಳನ್ನೆಲ್ಲ ಇಟ್ಟುಕೊಂಡ ಎರಡು ಸರ್ವರುಗಳನ್ನು ಜೋಡಿಸುವ ಗಿಡ್ಡ ಹಳದಿ ಕೇಬಲ್ಲಿನ ಒಂದು ತುದಿ ಕಳಚಿತ್ತು. ಒಂದು ಕೆಟ್ಟರೆ ಇನ್ನೊಂದು ಅದರ ವಿಳಾಸವನ್ನು ತಾನು ಹೊತ್ತುಕೊಂಡು ಕೆಲಸ ಮುಂದುವರಿಸಬೇಕು, ಅವಳೇ ಮಾಡಿದ ಏರ್ಪಾಡು. ಕೇಬಲ್ ಕಳಚಿದ್ದರಿಂದ ಒಂದಕ್ಕೆ ಇನ್ನೊಂದು ಸತ್ತಿದೆ ಅನಿಸಿದೆ. ಎರಡೂ ಅದೇ ವಿಳಾಸ ಹಿಡಿದು ಕೂತಿವೆ. ಭಾನುವಾರ ಎಸಿ ರಿಪೇರಿಯವರು ಹೋದ ಮೇಲೆ ರ್‍ಯಾಕನ್ನು ಗೋಡೆಗೆ ತಳ್ಳಿದ್ದು ಅವಳೇ; ಕೇಬಲ್ ಆಗಲೇ ಕಳಚಿರಬೇಕು.

ಕೇಬಲ್ ಸಿಕ್ಕಿಸಿ ಸುಮ್ಮನಿದ್ದರೆ ಯಾರಿಗೂ ತಿಳಿಯದು. ಅವಳು ಅದನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಕುಕ್ಕರಗಾಲಲ್ಲಿ ಕುಳಿತಳು. ಆಮೇಲೆ ಭೂಪತಿಯವರ ರೂಮಿಗೆ ಹೋದಳು.

"ತಪ್ಪು ನಂದು ಸಾರ್. ಮಾಸ್ಟರದ್ದಲ್ಲ," ಎಂದು ತಮಿಳಿನಲ್ಲಿ ಹೇಳಿದಳು. "ಎರಡು ಸರ್ವರನ್ನ, ಅಣ್ಣ ಇಲ್ಲದಾಗ ತಮ್ಮ ಅಂಗಡೀಲಿ ಕೂರೋ ಹಾಗೆ ಇಟ್ಟಿದ್ದೆ. ಈಗ ಇಬ್ಬರೂ ಕೂತುಬಿಟ್ಟಿದ್ದಾರೆ."

ಭೂಪತಿ ಕನ್ನಡಕ ತೆಗೆದು ಅವಳನ್ನು ನೋಡಿದರು. "ಸರಿ. ಅಪ್ಪೊ ಎದು ನಿಜಂ?"

ಯಾವುದು ನಿಜ? ಭಾನುವಾರದಿಂದೀಚೆ ಈ ನಾಲ್ಕು ದಿನದಲ್ಲಿ ಮಾಸ್ಟರ್ ಬಣ್ಣದ ಲೆಕ್ಕಗಳಿಗೆ ಮಾಡಿದ ತಿದ್ದುಪಡಿಗಳಲ್ಲಿ ಕೆಲವು ಈ ಸರ್ವರಿನೊಳಗೆ, ಕೆಲವು ಆ ಸರ್ವರಿನೊಳಗೆ ಹೋಗಿದ್ದವು. ಯಾವುದನ್ನು ಆರಿಸಿದರೂ ಅರ್ಧ ಸುಳ್ಳು.

"ಮಾಸ್ಟರನ್ನೇ ಕೇಳಬೇಕು ಸಾರ್."

ಭೂಪತಿ ಮತ್ತೆ ಕನ್ನಡಕ ಹಾಕಿಕೊಂಡು, "ಹಾಗಾದರೆ ಅವರು ಮನೆಗೆ ಹೋಗೋದು ಬೇಡ ಅನ್ನು," ಎಂದರು. ಅವಳ ತಪ್ಪಿನ ಮಾತೆತ್ತಲಿಲ್ಲ. ಅದು ಕ್ಷಮೆಯೋ ಅಲ್ಲವೋ ಅವಳಿಗೆ ಗೊತ್ತಾಗಲಿಲ್ಲ.

ಒಂದು ಸರ್ವರನ್ನು ಬೇರ್ಪಡಿಸಿ, ಎರಡರ ಲೆಕ್ಕಗಳನ್ನೂ ಕಾಗದಕ್ಕೆ ಇಳಿಸಿ ತಂದಳು. ಲೋಗನಾಥನ್ ಬೆರಳಿಟ್ಟು ಓದುತ್ತ ಹೋದರು. "ಇದು ನಂದು. ಇದಲ್ಲ, ಹಳೇದು. ನೀಲಿ, ಎರಡು ಪಾಯಿಂಟ್ ಒಂದೇ ಸರಿ, ಸೋಮವಾರ ಕಮ್ಮಿ ಮಾಡ್ದೆ." ಊಟದ ಹೊತ್ತು ಮೀರಿತು. ಕೊನೆಗೆ ಒಂದು ಎಲೆಹಸಿರಿನ ಹತ್ತಿರ ಬೆರಳು ನಿಂತಿತು.

"ಇದು ಗೊತ್ತಾಗ್ತಾ ಇಲ್ಲ ಅಮ್ಮಣಿ. ಎರಡೂ ನಾನೇ ಬರೆದಂಗೆ ಅದೆ."

"ಈಗ ಏನು ಮಾಡೋದು ಮಾಮಾ?"

"ಎರಡನ್ನೂ ಹಾಕಿ ನೋಡೋದು."

ಲ್ಯಾಬಿನಲ್ಲಿ ಎರಡು ಚಿಕ್ಕ ಡಬ್ಬಿಗಳಲ್ಲಿ ಎರಡು ತುಂಡು ಬಟ್ಟೆ ಅದ್ದಿದರು. ತೆಗೆದು, ತೊಳೆದು, ಹಿಂಡಿ, ಕಿಟಕಿಯ ತಂತಿಗೆ ನೇತುಹಾಕಿದರು. ನಡುವೆ ಗಿರಾಕಿ ಒಪ್ಪಿ ಕಳಿಸಿದ್ದ ಒಣ ತುಂಡು. ಒದ್ದೆಯಲ್ಲಿ ಎರಡೂ ಒಂದೇ ಥರ ಕಪ್ಪಗೆ ಕಾಣುತ್ತಿದ್ದವು; ಯಾವುದು ಅದಕ್ಕೆ ಹೊಂದುತ್ತದೆಂದು ಒಣಗಿದ ಮೇಲೆಯೇ ತಿಳಿಯಬೇಕು. ಲೋಗನಾಥನ್ ಇನ್ನೊಂದು ಸ್ಟೂಲು ಎಳೆದು ಅವಳಿಗೆ ಕೊಟ್ಟರು. ತುಂಡುಗಳಿಂದ ನೀರು ತೊಟ್ಟಿಕ್ಕುತ್ತಿತ್ತು, ಮೊದಲು ಬೇಗ ಬೇಗ, ಆಮೇಲೆ ನಿಧಾನವಾಗಿ.