ಹೀರಪ್ಪನ ಕಿವಿಗೆ ತಕ್ಕ ಇಯರ್‌ಫೋನ್

ಹೀರಪ್ಪನ ಇಯರ್‌ಫೋನ್ ಅಂಗಿಯ ಜೇಬಿನಲ್ಲಿದ್ದಾಗಲೇ ಅವನ ಹೆಂಡತಿ ಶಾಂತಿಬಾಯಿ ಆ ಅಂಗಿಯನ್ನು ಒಗೆಯುವ ಕಲ್ಲಿಗೆ ಬಡಿದಳು. ಅಂದಿನಿಂದ ದಾಂಡೇಲಿಯ ನಮ್ಮ ಓಣಿಗೆ ಬೇರೆ ಮನರಂಜನೆ ಬೇಕಾಗಲಿಲ್ಲ. ಕಾಗದ ಗಿರಣಿಯ ಯಂತ್ರದ ಪಕ್ಕದಲ್ಲಿ ಆಯುಷ್ಯ ಸವೆಸಿ ನಿವೃತ್ತನಾದ ಮನುಷ್ಯ, ಕಿವಿ ಮಂದ. ಫೋನಿನ ಸ್ಪೀಕರನ್ನು ಪೂರ್ತಿ ಏರಿಸಿ ಕಟ್ಟೆಯ ಮೇಲೆ ಕೂರುತ್ತಿದ್ದ. ಚಿಗಳ್ಳಿಗೆ ಕೊಟ್ಟ ಮಗಳು ಮೇಘಾ ಅಲ್ಲಿಂದ ಏನು ಹೇಳಿದರೂ ನಾವೆಲ್ಲ ಕೈಲಿದ್ದ ಕೆಲಸ ಬಿಟ್ಟು ಕೇಳುತ್ತಿದ್ದೆವು. ಸಭ್ಯರೆನಿಸಿಕೊಂಡವರು ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದರು, ಅಷ್ಟೇ ವ್ಯತ್ಯಾಸ.

ಮೇಘಾ ಜಾಣೆ. ಊಟ, ಮಳೆ, ಆಕಳು ಇಷ್ಟರಲ್ಲೇ ಮಾತು ಮುಗಿಸತೊಡಗಿದಳು. ಒಂದು ದಿನ ಮಾತ್ರ, "ಅಪ್ಪಾ, ನಿನಗೊಬ್ಬಗ ಹೇಳೂದು ಒಂದು ಮಾತೈತಿ. ಮೊದಲ ಇಯರ್‌ಫೋನ್ ತಗೋ, ಆಮ್ಯಾಲೆ ಹೇಳ್ತೇನಿ" ಎಂದಳು. ಇದನ್ನೂ ಇಡೀ ಓಣಿ ಕೇಳಿತು. ಮಗಳು ತನ್ನ ಮುಂದೆ ಮನಸ್ಸು ಬಿಚ್ಚಿ ಎಷ್ಟು ಕಾಲವಾಯಿತು ಎಂದು ಹೀರಪ್ಪ ನನ್ನ ಹತ್ತಿರ ಕಣ್ಣೊರೆಸಿಕೊಂಡ. ನನಗೆ ಪಾಪ ಅನಿಸಿತು. ಅವನ ಜೊತೆ ಪೇಟೆಗೆ ಹೊರಟೆ.

ಮೊಬೈಲ್ ಅಂಗಡಿಯ ಆಸಿಮ ಕೇಳಿದ, "ಸಿ ಪಿನ್ ಏನ್ರಿ ಕಾಕಾ, ದುಂಡ ಪಿನ್ ಏನ್ರಿ?"

"ಗಟ್ಟಿ ಪಿನ್ ಕೊಡು" ಎಂದ ಹೀರಪ್ಪ.

ಅಲ್ಲೇ ಕುರ್ಚಿ ಹಿಡಿದಿದ್ದ ಪುಂಡಲೀಕ ಬಾಯಿ ಹಾಕಿದ. ಪ್ರವಾಸಿಗರನ್ನು ಕಾಳಿ ನದಿಯ ರ‍್ಯಾಫ್ಟಿಂಗಿಗೆ ಹತ್ತಿಸುವ ದಲಾಲಿ ಅವನದು. "ವೈರ್ ಇಲ್ಲದ್ದು ತಗೋರಿ, ಈಗ ಎಲ್ಲಾರೂ ಅದನ್ನ ಹಾಕ್ತಾರ" ಎಂದ. ಅವನ ಒಂದು ಇಯರ್‌ಬಡ್ ಹೊಳೆಯ ಪಾಲಾಗಿ ವರ್ಷವಾಗಿದೆ. ಉಳಿದ ಒಂದನ್ನು ಸಿಕ್ಕಿಸಿಕೊಂಡೇ ಜಗತ್ತಿಗೆಲ್ಲ ಉಪದೇಶ ಮಾಡುತ್ತಾನೆ. ನಮ್ಮೂರಲ್ಲಿ ಸಲಹೆಗೆ ಬರಗಾಲವಿಲ್ಲ.

ಆಸಿಮ ಒಂದೊಂದೇ ಡಬ್ಬಿ ಬಿಚ್ಚಿದ. ಮೊದಲನೆಯದು ಹೀರಪ್ಪನಿಗೆ ಗುಂಗಾಡ ಸೊಳ್ಳೆ ಒದರಿದಂತೆ ಕೇಳಿತಂತೆ. ಎರಡನೆಯದು ಸತ್ತೇ ಹೋಗಿದೆ ಎಂದ. ಅವನ ಕಿವಿಯೊಳಗಿನ ಹಾಡು ರಸ್ತೆಯಲ್ಲಿ ನಿಂತವರಿಗೂ ಕೇಳುತ್ತಿತ್ತು ಎಂಬುದು ಬೇರೆ ಮಾತು. ಕೊನೆಗೆ ಆಸಿಮ ದಪ್ಪ ರಬ್ಬರಿನ ತುದಿಯದೊಂದನ್ನು ತೆಗೆದ. "ಇದು ನೋಡ್ರಿ. ಕಿವ್ಯಾಗ ಕುಂತ್ರ ಹೊರಗಿನ ಒಂದ ಸಪ್ಪಳಾ ಒಳಗ ಬರೂದಿಲ್ಲ." ಒಳಗಿನದು ಹೊರಗೆ ಹೋಗುವ ವಿಚಾರ ಡಬ್ಬಿಯ ಮೇಲೆ ಬರೆದಿರಲಿಲ್ಲ.

"ಮಗಳ ಜೋಡಿ ಮಾತಾಡಿ ನೋಡೇ ತಗೋತೇನಿ" ಎಂದ ಹೀರಪ್ಪ. ಗಡಿಗೆಯನ್ನು ಬಾರಿಸಿ ನೋಡದೆ ಕೊಳ್ಳುವ ಪೈಕಿ ಅಲ್ಲ.

"ಮನಿಗೆ ಹೋಗೂಣು ಮಾರಾಯಾ, ಅಲ್ಲಿ ಮಾತಾಡು" ಎಂದೆ. ಎರಡೂ ಕಿವಿಗೆ ಬಿರಡೆ ಬಿದ್ದಾಗಿತ್ತು, ಅವನಿಗೆ ಎಲ್ಲಿ ಕೇಳಬೇಕು? ಅಲ್ಲೇ ನಿಂತು ಮಗಳಿಗೆ ಫೋನ್ ಹಚ್ಚಿದ.

ಗಿರಣಿಯಲ್ಲಿ ಒಂದು ಪದ್ಧತಿ. ಯಂತ್ರದ ಗದ್ದಲದಲ್ಲಿ ಒಬ್ಬ ಹೇಳಿದ್ದನ್ನು ಇನ್ನೊಬ್ಬ ಹಾಗೆಯೇ ಕೂಗಿ ತಿರುಗಿ ಹೇಳಬೇಕು. ಹೇಳದಿದ್ದರೆ ಕೇಳಿಲ್ಲ ಎಂದರ್ಥ, ಕೇಳದಿದ್ದರೆ ಯಾರದೋ ಕೈ ಹೋಯಿತು ಎಂದರ್ಥ. ಹೀರಪ್ಪ ಗಿರಣಿ ಬಿಟ್ಟಿದ್ದ, ಗಿರಣಿ ಅವನನ್ನು ಬಿಟ್ಟಿರಲಿಲ್ಲ.

"ಹಾಂ, ಈಗ ನಾ ಒಬ್ಬನ ಕೇಳಾತೇನಿ. ಹೇಳವ್ವಾ" ಎಂದ. ಕ್ಷಣ ಬಿಟ್ಟು ಗರ್ಜಿಸಿದ: "ಮುಂಡಗೋಡದಾಗ ಬ್ಯಾರೆ ಮನಿ ಹಿಡಿದೀರಿ! ಆತು! ಹೊಲಿಗಿ ಅಂಗಡಿ ಹಾಕಾಕಿ ನೀ! ಆತು! ಸುಭಾಷ ಒಪ್ಪ್ಯಾನ! ನಿಮ್ಮ ಅತ್ತೀಗೆ ಇನ್ನೂ ಗೊತ್ತಿಲ್ಲ!"

ಸುಭಾಷ ಎಂದರೆ ಅಳಿಯ. ನಾನು ಗಾಬರಿಯಾಗಿ, ದನಿ ಇಳಿಸು ಎಂದು ಕೈಸನ್ನೆ ಮಾಡಿದೆ. ಹೀರಪ್ಪ ವಿಧೇಯನಾಗಿ ತಲೆಯಾಡಿಸಿ ಫೋನಿನ ವಾಲ್ಯೂಮ್ ಇಳಿಸಿದ. "ಸಣ್ಣಗ ಕೇಳಾಕತ್ತೈತಿ, ಮೊದಲಿಂದ ಹೇಳು" ಎಂದ. ತಡವಾಗಿ ಬಂದವರಿಗೂ ಅನ್ಯಾಯವಾಗದಂತೆ ಎಲ್ಲವೂ ಇನ್ನೊಮ್ಮೆ ನಡೆಯಿತು. ಕೊನೆಯಲ್ಲಿ, "ಯಾರ ಮುಂದೂ ಬಾಯಿ ಬಿಡಬಾರದು! ಆತು!" ಎಂದು ಕೂಗಿ, ಇಯರ್‌ಫೋನ್ ಕಿತ್ತು, "ಇದು ಚಲೋ ಐತಿ ನೋಡು" ಎಂದು ನಕ್ಕ. ಅಷ್ಟು ಖುಷಿಯಾಗಿ ಅವನು ನಕ್ಕಿದ್ದನ್ನು ನಾನು ಕಂಡಿರಲಿಲ್ಲ. ಅವನ ಮೇಲೆ ಬಂದ ಸಿಟ್ಟನ್ನು ಎಲ್ಲಿ ಇಡಬೇಕೋ ತಿಳಿಯಲಿಲ್ಲ.

ಪುಂಡಲೀಕ ಆಗಲೇ ಎದ್ದು ಹೊರಗೆ ಹೋಗಿದ್ದ. ಅವನ ಹೆಂಡತಿಯ ತವರು ಚಿಗಳ್ಳಿ. ಬೇವಿನ ಗಿಡದ ಕೆಳಗೆ ನಿಂತು, ಬಾಯಿಗೆ ಕೈ ಅಡ್ಡ ಹಿಡಿದು, ಬಹಳ ಮೆಲ್ಲಗೆ ಫೋನಿನಲ್ಲಿ ಮಾತಾಡುತ್ತಿದ್ದ. ಫೋನಿನಲ್ಲಿ ಹೇಗೆ ಮಾತಾಡಬೇಕೆಂಬುದು ಅವನಿಗೆ ಗೊತ್ತು.

ಸಂಜೆಯೊಳಗೆ ಚಿಗಳ್ಳಿಯಲ್ಲಿ ಅತ್ತೆಗೆ ಎದೆನೋವು ಬಂತು. ಬೇಕಾದಾಗ ಬರುವ, ಬೇಡವಾದಾಗ ಹೋಗುವ ಜಾತಿಯ ಎದೆನೋವು. ಸುಭಾಷ ತಾಯಿಯ ಕಾಲ ಬಳಿ ಕುಳಿತು, ತಾನು ಒಪ್ಪಿದ್ದೇ ಇಲ್ಲ ಎಂದ. ಮುಂಡಗೋಡದ ಮನೆ ಬೇರೆಯವರಿಗೆ ಹೋಯಿತು. ಹೊಲಿಗೆ ಯಂತ್ರವನ್ನು ಅಟ್ಟಕ್ಕೇರಿಸಿದರು. ಇದನ್ನೆಲ್ಲ ಮೇಘಾ ಅವ್ವನಿಗೆ ಹೇಳಿದಳು, ಅಪ್ಪನಿಗಲ್ಲ.

ಕೆಲವು ದಿನ ಬಿಟ್ಟು ಹೀರಪ್ಪ ಆಸಿಮನ ಅಂಗಡಿಗೆ ಮತ್ತೆ ಬಂದ. ನಾನು ಅಲ್ಲಿ ಚಾರ್ಜರ್ ಕೊಳ್ಳುತ್ತಿದ್ದೆ. "ಇದು ಕೆಟ್ಟೈತಿ, ಬದಲಿ ಕೊಡು" ಎಂದು ಇಯರ್‌ಫೋನನ್ನು ಗಾಜಿನ ಮೇಲಿಟ್ಟ.

ಆಸಿಮ ಅದನ್ನು ತನ್ನ ಫೋನಿಗೆ ಸಿಕ್ಕಿಸಿ ಹಾಡು ಕೇಳಿದ. "ಚಲೋ ಐತ್ರಿ ಕಾಕಾ. ಎರಡೂ ಕಡೆ ನಡೀತೈತಿ."

"ಹಾಡು ಕೇಳಸ್ತೈತೋ. ಮೇಘಾ ಹಲೋ ಅಂತಾಳ, ಅದೂ ಕೇಳಸ್ತೈತಿ. ಮುಂದಿಂದು ಕೇಳಸೂದಿಲ್ಲ."

ಪೇಟೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಕಾರಣವನ್ನು ಅವನಿಗೆ ಹೇಳುವ ಧೈರ್ಯ ನಮ್ಮಿಬ್ಬರಿಗೂ ಬರಲಿಲ್ಲ. ಆಸಿಮ ತಲೆ ತಗ್ಗಿಸಿ ವೈರು ಸುತ್ತಿ ಅವನ ಕೈಗಿಟ್ಟ.

ಹೀರಪ್ಪ ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡ. ಆಮೇಲೆ ಮೆಲ್ಲಗೆ, ಪಕ್ಕದಲ್ಲಿದ್ದ ನನಗೂ ಕಷ್ಟದಿಂದ ಕೇಳುವಷ್ಟು ಮೆಲ್ಲಗೆ, "ಹಂಗಾದ್ರ ನನ್ನ ಕಿವೀನ ಹೋಗಿರಬೇಕು ಬಿಡು" ಎಂದು ಹೇಳಿ ಹೊರಟುಹೋದ.